ಮುಲ್ಕಿ: ಒಂದು ಪದದ ಚರಿತ್ರೆ

ಊರಿನ ನಿವಾಸಿ ಯಾರು? ಅಲ್ಲಿ ಹುಟ್ಟಿದವನೋ, ಬಂದು ನೆಲೆಸಿದವನೋ? ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನೊಳಗೊಂಡ ರಾಯಚೂರು ಸೀಮೆಯಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಗೆ ಒಂದೇ ಪದದ ಉತ್ತರವಿತ್ತು: ಮುಲ್ಕಿ.

'ಮುಲ್ಕ್' ಅರಬಿ ಭಾಷೆಯ ಪದ. ಪವಿತ್ರ ಕುರ್‌ಆನಿನ 67ನೆಯ ಅಧ್ಯಾಯದ ಹೆಸರಾಗಿ ನಮಗೆಲ್ಲ ಪರಿಚಿತವಾದ ಈ ಪದಕ್ಕೆ ಅಲ್ಲಿ ಆಧಿಪತ್ಯ ಎಂಬ ಅರ್ಥವಿದೆ. ಉರ್ದುವಿನಲ್ಲಿ ಅದು ನಾಡು, ದೇಶ ಎಂಬ ಅರ್ಥವನ್ನೂ ಪಡೆಯಿತು. ಆ ನಾಡಿಗೆ ಸೇರಿದವನು ಮುಲ್ಕಿ. ಹೊರಗಿನವನು ಗೈರ್ ಮುಲ್ಕಿ.

1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉತ್ತರ ಭಾರತದಿಂದ ಬಂದವರಿಗೇ ದೊಡ್ಡ ಹುದ್ದೆಗಳು ಸಲ್ಲುತ್ತಿವೆ ಎಂಬ ಅಸಮಾಧಾನ ಸ್ಥಳೀಯರಲ್ಲಿ ಬೆಳೆದಿತ್ತು. ಹಾಗೆ ಬಂದವರಲ್ಲಿ ಮುಸ್ಲಿಮರೂ ಅನೇಕರಿದ್ದುದರಿಂದ ಇದು ಧರ್ಮಗಳ ನಡುವಿನ ವಿವಾದವಾಗಿರಲಿಲ್ಲ. 1919ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನು ಮುಲ್ಕಿಯ ಲಕ್ಷಣವನ್ನು ನಿಗದಿಪಡಿಸಿತು. ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಹೊರಗಿನಿಂದ ಬಂದವನೂ ಕನಿಷ್ಠ 15 ವರ್ಷ ಕಾಯಂ ಆಗಿ ನೆಲೆಸಿ, ಹಿಂದಿನ ಊರಿಗೆ ಮರಳುವ ಇರಾದೆಯನ್ನು ತೊರೆದಿದ್ದೇನೆಂದು ಪ್ರಮಾಣ ಮಾಡಿದರೆ ಮುಲ್ಕಿಯಾಗಬಹುದಿತ್ತು. ಈ ನಿಯಮವು ನೆಲೆಸಿದ ಅವಧಿಯನ್ನೂ ಮನಸ್ಸಿನ ಸಂಕಲ್ಪವನ್ನೂ ಅಳೆಯಿತು.

ಆದರೆ ರಕ್ಷಣೆಗೆಂದು ಹುಟ್ಟಿದ ಪದವೇ ಕಲಹಕ್ಕೂ ಕಾರಣವಾಯಿತು. 1952ರಲ್ಲಿ ಹೈದರಾಬಾದಿನ ಮುಲ್ಕಿ ಚಳವಳಿಯಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಮಕ್ಕಳು ಶಿಕ್ಷಣ, ಉದ್ಯೋಗಗಳ ಮೀಸಲಾತಿಗಾಗಿ ಪಡೆಯುವ 'ಸ್ಥಳೀಯ ವ್ಯಕ್ತಿ' ಪ್ರಮಾಣಪತ್ರದಲ್ಲಿ ಅದೇ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭಾಗಕ್ಕೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲಿ ಪುನರ್ವಸತಿ ದೊರೆಯಿತು. ಅವರ ಮೊಮ್ಮಕ್ಕಳು ಈ ಮಣ್ಣಿನಲ್ಲೇ ಹುಟ್ಟಿದವರು. ಆದರೂ ನಾವು ಅವರನ್ನು 'ಕ್ಯಾಂಪಿನವರು' ಎಂದಷ್ಟೇ ಕರೆದರೆ, 15 ವರ್ಷಗಳಲ್ಲಿ ಪರಕೀಯನನ್ನು ತನ್ನವನನ್ನಾಗಿ ಮಾಡಿಕೊಳ್ಳುತ್ತಿದ್ದ ಆ ಹಳೆಯ ಫರ್ಮಾನಿಗಿಂತಲೂ ನಾವು ಸಂಕುಚಿತರಾಗುವುದಿಲ್ಲವೇ?

ವಲಸೆ ಬಂದವರಿಗೆ ನೆರವಾದ ಮದೀನಾದ ನಿವಾಸಿಗಳು ಔಸ್ ಮತ್ತು ಖಝ್‌ರಜ್ ಗೋತ್ರದವರು. ಇತಿಹಾಸವು ಅವರನ್ನು ನೆನೆಯುವುದು ಆ ಗೋತ್ರಗಳ ಹೆಸರಿಗಿಂತ ಹೆಚ್ಚಾಗಿ 'ಅನ್ಸಾರ್', ಅಂದರೆ ನೆರವಾದವರು ಎಂಬ ಹೆಸರಿನಿಂದ. ವಲಸೆ ಬಂದವರೊಡನೆ ಮನೆಯನ್ನೂ ದುಡಿಮೆಯನ್ನೂ ಹಂಚಿಕೊಂಡುದರಿಂದ ಅವರಿಗೆ ಆ ಹೆಸರು ಸಂದಿತು. ಊರಿನವರೆನಿಸಿಕೊಳ್ಳಲು ಪ್ರಮಾಣಪತ್ರ ಸಾಕಾಗಬಹುದು. ಅನ್ಸಾರರ ದಾರಿಯಲ್ಲಿ ನಡೆಯಬೇಕಾದರೆ ನಾವು ನೆರೆಯವನಿಗೆ ಬಾಗಿಲು ತೆರೆಯಬೇಕು.