ಮನೆಯ ಕನ್ನಡವೇ ಮಗುವಿನ ಮೊದಲ ಶಾಲೆ

ಹನ್ನೂರ, ಅಕ್ಕಲಕೋಟೆ, ಸೊಲ್ಲಾಪುರ ಭಾಗದ ನಮ್ಮ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡ, ಪೇಟೆಯ ಮಾತು ಮರಾಠಿ. ‘ಮನ್ಯಾಗ ಕನ್ನಡ ಮಾತಾಡಿದ್ರ ಕೂಸಿಗಿ ಮರಾಠಿ ಬರೋದಿಲ್ಲೇನು?’ ಎಂದು ಪಾಲಕರು ಕೇಳುತ್ತಾರೆ. ಬರುತ್ತದೆ. ಚಿಕ್ಕ ಮಕ್ಕಳು ಎರಡು ಭಾಷೆಗಳನ್ನು ಕೂಡಿಯೇ ಕಲಿಯಬಲ್ಲರು. ಎರಡನ್ನೂ ಬೆರೆಸಿ ಆಡುವುದು ದೋಷವಲ್ಲ.

ಮಾತು: ಸಾಮಾನ್ಯವಾಗಿ 1 ವರ್ಷದ ಹೊತ್ತಿಗೆ ಮೊದಲ ಪದ, 2 ವರ್ಷಕ್ಕೆ ‘ಅವ್ವಾ ಬಾ’, ‘ನೀರ ಕೊಡ’ ಎಂಬಂಥ ಜೋಡಿ ಪದ ಬರುತ್ತವೆ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿರಿ. ಮಾತು ತಡವಾದರೆ ಮನೆಭಾಷೆ ಬಿಡಿಸಬೇಡಿರಿ. ಕಿವಿ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿರಿ.

ಪದಸಂಪತ್ತು: ಮಗು ‘ಎತ್ತು’ ಎಂದರೆ ‘ಹೌದು, ಬಿಳಿ ಎತ್ತು ಮೇವು ತಿನ್ನತದ’ ಎಂದು ಮಾತು ಬೆಳೆಸಿರಿ. ರೊಟ್ಟಿ ಬಡಿಯುವಾಗ, ಹೊಲಕ್ಕೆ ಹೋಗುವಾಗ ಇದಕ್ಕೆ ಬೇರೆ ವೇಳೆ ಬೇಡ. ಮಲಗುವಾಗ ಅಜ್ಜಿಯ ಕಥೆ, ಒಗಟು ಇರಲಿ.

ಅಕ್ಷರ: ಲಿಪಿ ಬೇರೆಯಾದರೂ ಎರಡೂ ವರ್ಣಮಾಲೆಗಳ ಕ್ರಮ ಬಹುತೇಕ ಒಂದೇ. ಕ-ಖ-ಗ-ಘ ಧ್ವನಿ ಒಮ್ಮೆ ತಿಳಿದರೆ ಎರಡು ಕಡೆ ಉಪಯೋಗ. ಆದರೆ ಮರಾಠಿ ಬರಹದಲ್ಲಿ ಎ-ಏ, ಒ-ಓ ಭೇದವಿಲ್ಲ. ‘ಕೊಡು’, ‘ಕೋಡು’ ಬೇರೆಂಬುದನ್ನು ಮಗು ಮನೆಯಲ್ಲಿ ಕೇಳಿಯೇ ಕಲಿಯಬೇಕು.

ಶಾಲೆ: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕ ಪ್ರಕಟಿಸುತ್ತದೆ. ಒಂದನೇ ತರಗತಿಗೆ ಮಕ್ಕಳು ಬಂದರೆ ಮಾತ್ರ ಈ ಶಾಲೆಗಳು ಉಳಿಯುತ್ತವೆ. ಬೇರೆಡೆ ಹೆಸರು ಹಚ್ಚುವ ಮೊದಲು ಮಗುವನ್ನು ಕರೆದುಕೊಂಡು ನಿಮ್ಮೂರ ಕನ್ನಡ ಶಾಲೆಯನ್ನು ಒಮ್ಮೆ ನೋಡಿ ಬನ್ನಿರಿ.