ಪೆಟ್ಟಿಗೆಯೇ ಇಲ್ಲದ ಸ್ಪೀಕರ್: ಏನಿದು ಓಪನ್ ಬ್ಯಾಫಲ್? ಮನೆಯಲ್ಲೇ ಕಟ್ಟಿ ಹೊಂದಿಸುವುದು ಹೇಗೆ?

ಹಳೆಯ ವಾಲ್ವ್ ರೇಡಿಯೊ ನೆನಪಿದೆಯೇ? ಮುಂದೆ ಬಟ್ಟೆ ಹೊದಿಸಿದ ಸ್ಪೀಕರ್, ಹಿಂದೆ ತೂತುಗಳಿದ್ದ ತೆಳು ರಟ್ಟು. ಹಿಂಬದಿ ಬಹುತೇಕ ತೆರೆದೇ ಇರುತ್ತಿತ್ತು. ಇಂದಿನ ಹವ್ಯಾಸಿಗಳು ಕಟ್ಟುವ ಓಪನ್ ಬ್ಯಾಫಲ್ ಸ್ಪೀಕರ್‌ಗಳದ್ದೂ ಅದೇ ತತ್ವ. ಇಲ್ಲಿ ಪೆಟ್ಟಿಗೆ ಇರುವುದಿಲ್ಲ. ಒಂದು ಹಲಗೆ, ಅದರಲ್ಲಿ ಕೂರಿಸಿದ ಸ್ಪೀಕರ್, ಅಷ್ಟೆ.

ದೆಹಲಿಯ ಜನಕಪುರಿಯಲ್ಲಿರುವವರಿಗೆ ಇದರ ಸಾಮಗ್ರಿ ದೂರವೇನಲ್ಲ. ಪ್ಲೈವುಡ್‌ಗೆ ಮೆಟ್ರೊ ನೀಲಿ ಮಾರ್ಗದಲ್ಲೇ ಇರುವ ಕೀರ್ತಿ ನಗರ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಕೆಂಪುಕೋಟೆ ಎದುರಿನ ಲಾಜಪತ್ ರಾಯ್ ಮಾರುಕಟ್ಟೆ ಇದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಆದರೆ ಲೆಕ್ಕ ತಪ್ಪಿದರೆ ಹಾಡುಗಾರರ ದನಿ ಚೆನ್ನಾಗಿ ಕೇಳಿಸಿ, ಮೃದಂಗದ ಎಡಭಾಗದ ಗಂಭೀರ ನಾದವೇ ಮಾಯವಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಹೇಗೆ? ಇಲ್ಲಿದೆ ಮಾಹಿತಿ.

ಬೇಸ್ ಕಡಿಮೆಯಾಗುವುದೇಕೆ?

ಸ್ಪೀಕರ್‌ನ ಕೋನ್ ಮುಂದಿನ ಗಾಳಿಯನ್ನು ತಳ್ಳುವಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಹೀಗೆ ಹುಟ್ಟುವ ಎರಡು ಅಲೆಗಳು ಒಂದಕ್ಕೊಂದು ವಿರುದ್ಧ. ಹಲಗೆಯ ಅಂಚು ಸುತ್ತಿ ಬಂದ ಹಿಂದಿನ ಅಲೆ ಮುಂದಿನದನ್ನು ಅಳಿಸುತ್ತದೆ. ಎತ್ತರದ ಸ್ವರಗಳಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಪೆಟ್ಟು ಬೀಳುವುದು ಬೇಸ್‌ಗೆ.

50 ಸೆಂ.ಮೀ. ಅಗಲದ ಹಲಗೆಯ ಮಧ್ಯದಲ್ಲಿ ಸ್ಪೀಕರ್ ಇದ್ದರೆ ಸುಮಾರು 230 ಹರ್ಟ್ಸ್‌ನಿಂದ ಕೆಳಕ್ಕೆ ಪ್ರತಿ ಆಕ್ಟೇವ್‌ಗೆ 6 ಡೆಸಿಬಲ್‌ನಂತೆ ದನಿ ಇಳಿಯುತ್ತದೆ. ಅಂದರೆ 115 ಹರ್ಟ್ಸ್‌ನಲ್ಲಿ 6, 57 ಹರ್ಟ್ಸ್‌ನಲ್ಲಿ 12 ಡೆಸಿಬಲ್ ನಷ್ಟ. ಇದನ್ನು ತುಂಬಿಕೊಡಲು ದೊಡ್ಡ ಕೋನ್ ಬೇಕು, ಅದು ಹೆಚ್ಚು ದೂರ ಚಲಿಸಲೂಬೇಕು.

ಹಾಗಿದ್ದರೂ ಇದರ ಗೀಳು ಏಕೆ? ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ದನಿಯ ಗುಂಯ್‌ಗುಡುವಿಕೆ ಇಲ್ಲಿಲ್ಲ. ದನಿ 8ರ ಅಂಕಿಯ ಆಕಾರದಲ್ಲಿ ಹಿಂದೆ ಮುಂದೆ ಹರಡುವುದರಿಂದ ಪಕ್ಕದ ಗೋಡೆಗಳಿಗೆ ತಲುಪುವುದು ಕಡಿಮೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರ್ ಆಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ (1935–2018) ತಮ್ಮ ಒರಾಯನ್, ಎಲ್‌ಎಕ್ಸ್521 ವಿನ್ಯಾಸಗಳ ಮೂಲಕ ಈ ಮಾದರಿಯನ್ನು ಹವ್ಯಾಸಿಗಳಲ್ಲಿ ಜನಪ್ರಿಯಗೊಳಿಸಿದರು.

ಏನೇನು ಬೇಕು?

* ಹಲಗೆ: 18 ಮಿ.ಮೀ. ಪ್ಲೈವುಡ್. 8x4 ಅಡಿಯ ಒಂದೇ ಶೀಟ್‌ನಲ್ಲಿ 50x100 ಸೆಂ.ಮೀ.ನ ಎರಡು ಹಲಗೆ ಬಂದು, ಪಕ್ಕದ ರೆಕ್ಕೆ ಹಾಗೂ ಆಧಾರಕ್ಕೂ ಮರ ಉಳಿಯುತ್ತದೆ.
* ವೂಫರ್: ಪ್ರತಿ ಹಲಗೆಗೆ 12 ಅಥವಾ 15 ಇಂಚಿನದೊಂದು. ಕೊಳ್ಳುವಾಗ ಕ್ಯೂಟಿಎಸ್ ಎಂಬ ಅಂಕಿ ನೋಡಿ. ಅದು 0.7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 0.3ರಷ್ಟಿದ್ದರೆ ಅದು ಪೆಟ್ಟಿಗೆಗೇ ಸರಿ.
* ಫುಲ್‌ರೇಂಜ್ ಸ್ಪೀಕರ್: 8 ಇಂಚಿನದು. ವೂಫರ್‌ನ ಸೆನ್ಸಿಟಿವಿಟಿ ಇದಕ್ಕಿಂತ ಕೆಲವು ಡೆಸಿಬಲ್ ಹೆಚ್ಚಿರಲಿ.
* ಕ್ರಾಸ್ಓವರ್: 200ರಿಂದ 300 ಹರ್ಟ್ಸ್ ನಡುವೆ ದನಿಯನ್ನು ಇಬ್ಭಾಗಿಸಲು.

ಕಟ್ಟುವಾಗ ಗಮನಿಸಿ

ವೂಫರ್ ಅನ್ನು ಆದಷ್ಟು ನೆಲದ ಹತ್ತಿರ ಇಡಿ. ಕೆಳಗಿನ ಅಂಚು ನೆಲಕ್ಕೆ ತಾಗಿದ್ದರೆ ಆ ಕಡೆಯಿಂದ ದನಿ ಸೋರುವುದಿಲ್ಲ. ಫುಲ್‌ರೇಂಜ್ ಸ್ಪೀಕರನ್ನು ನಟ್ಟನಡುವೆ ಕೂರಿಸದೆ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಎರಡೂ ಅಂಚುಗಳ ದೂರ ಬೇರೆಬೇರೆಯಾಗಿ, ದನಿಯ ಏರುತಗ್ಗು ಒಂದೇ ಕಡೆ ಸೇರುವುದು ತಪ್ಪುತ್ತದೆ. ಹಿಂದಕ್ಕೆ 20–30 ಸೆಂ.ಮೀ. ರೆಕ್ಕೆ ಜೋಡಿಸಿದರೆ ಬೇಸ್ ಹೆಚ್ಚುತ್ತದೆ, ಹಲಗೆಯ ಅದಿರಾಟವೂ ನಿಲ್ಲುತ್ತದೆ. ಆದರೆ ರೆಕ್ಕೆ ತೀರಾ ಆಳವಾದರೆ ಮತ್ತೆ ಪೆಟ್ಟಿಗೆಯ ಗುಂಯ್‌ಗುಡುವಿಕೆಯೇ ಬರುತ್ತದೆ.

ಪ್ಲಸ್, ಮೈನಸ್ ತಂತಿಗಳು ಸರಿಯಾಗಿವೆಯೇ? ಆಂಪ್ಲಿಫೈಯರ್‌ಗೆ ಜೋಡಿಸುವ ಮೊದಲು 1.5 ವೋಲ್ಟ್ ಬ್ಯಾಟರಿಯನ್ನು ವೂಫರ್‌ಗೆ ಕ್ಷಣಕಾಲ ತಾಗಿಸಿ. ಪ್ಲಸ್‌ಗೆ ಪ್ಲಸ್ ಸೇರಿದಾಗ ಕೋನ್ ಹೊರಕ್ಕೆ ಬರಬೇಕು. ಎರಡು ವೂಫರ್‌ಗಳಲ್ಲಿ ಒಂದು ತಿರುಗುಮುರುಗಾದರೂ ಬೇಸ್ ಮಾಯ.

ಶ್ರುತಿ ಕೂಡಿಸುವುದು ಹೇಗೆ?

ಮೊದಲು ಜಾಗ ಹುಡುಕಿ. ಪೆಟ್ಟಿಗೆ ಸ್ಪೀಕರನ್ನು ಗೋಡೆಗೆ ಒತ್ತಿದರೆ ಬೇಸ್ ಹೆಚ್ಚುತ್ತದೆ, ಇಲ್ಲಿ ತದ್ವಿರುದ್ಧ. ಹಿಂದಿನ ಗೋಡೆಯಿಂದ ಕನಿಷ್ಠ 1 ಮೀಟರ್ ದೂರವಿರಲಿ. ಡಿಡಿಎ ಫ್ಲ್ಯಾಟ್‌ನ ಪುಟ್ಟ ಹಾಲ್‌ನಲ್ಲಿ ಅಷ್ಟು ಜಾಗ ಬಿಡಲಾಗದಿದ್ದರೆ ಈ ಯೋಜನೆಗೆ ಕೈಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ.

ನಂತರ ಅಳತೆ. ರೂಮ್ ಇಕ್ಯೂ ವಿಜರ್ಡ್ ಎಂಬ ಉಚಿತ ತಂತ್ರಾಂಶ ಮತ್ತು ಅಳತೆಯ ಮೈಕ್ ಬಳಸಿ, ನೀವು ಕೂರುವ ಜಾಗದಲ್ಲಿ ದನಿಯ ನಕ್ಷೆ ತೆಗೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ಈಕ್ವಲೈಜರ್‌ನಲ್ಲಿ ಬೇಸ್ ಏರಿಸುವಾಗ ಎಚ್ಚರ. 6 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು, ಕೋನ್ ಎರಡು ಪಟ್ಟು ಚಲಿಸಬೇಕು. ಮಿತಿ ಮೀರಿದರೆ ವೂಫರ್ ಹಾಳಾಗುತ್ತದೆ. 60 ಹರ್ಟ್ಸ್‌ಗಿಂತ ಕೆಳಗಿನ ಸದ್ದೂ ಬೇಕೆಂದರೆ ಪ್ರತ್ಯೇಕ ಸಬ್‌ವೂಫರ್ ಜೋಡಿಸುವುದೇ ಜಾಣತನ.

ನೆರೆಹೊರೆಯ ನೆನಪಿರಲಿ

ಪಕ್ಕಕ್ಕೆ ದನಿ ಕಡಿಮೆಯಾದರೂ ಹಿಂದಿನ ಗೋಡೆಯಾಚೆಯ ಮನೆಗೆ ಕೇಳಿಸದಿರದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಹಿಂಬದಿ ಯಾವ ಗೋಡೆಗೆ ಮುಖ ಮಾಡಬೇಕೆಂಬುದನ್ನು ಹಲಗೆ ಕೊಯ್ಯಿಸುವ ಮೊದಲೇ ನಿರ್ಧರಿಸಿಕೊಳ್ಳುವುದು ಒಳಿತು.