ಕಾವೇರಿ ತೀರದ ಒಂದು ದಿನದ ಯಾತ್ರೆ: ತಲಕಾಡಿನ ಮರಳೂ ಗಂಗರಾಜನ ಪುಣ್ಯವೂ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಶ್ರಾವಕರು ಯಾತ್ರೆಯೆಂದೊಡನೆ ಘಟ್ಟವನ್ನಿಳಿದು ಮೂಡಬಿದಿರೆ, ಕಾರ್ಕಳ, ವೇಣೂರುಗಳಲ್ಲಿ ಜಿನದರ್ಶನ ಪಡೆದು, ಪಡುಗಡಲ ಮರಳಿನ ಮೇಲೆ ಒಂದು ಸಂಜೆಯನ್ನು ಕಳೆದು ಹಿಂದಿರುಗುವುದುಂಟು. ಅದು ಉಚಿತವೇ ಸರಿ. ಆದರೆ ಮನೆಯಂಗಳದಲ್ಲಿಯೇ ಹರಿಯುವ ಕಾವೇರಿಗೂ ಒಂದು ತೀರವುಂಟು. ಅಲ್ಲಿಯೂ ಮರಳಿನ ದಿಬ್ಬಗಳಿವೆ, ಭೋರ್ಗರೆವ ನೀರಿದೆ, ಪುರಾತನ ದೇವಾಲಯಗಳಿವೆ. ಬೆಳಗ್ಗೆ ಕೊಳ್ಳೇಗಾಲವನ್ನು ಬಿಟ್ಟವರು ಸಂಜೆಯೊಳಗೆ ಅವೆಲ್ಲವನ್ನೂ ಕಂಡು ಬರಬಹುದು. ಈ ಕಿರುಯಾತ್ರೆಯು ಜೈನ ಸಮಾಜಕ್ಕೆ ಹೇಳುವ ಪಾಠವು ಮಾತ್ರ ಕಿರಿದಲ್ಲ.

ಮೊದಲು ತಲಕಾಡು. ಜೈನ ಪರಂಪರೆಯ ಪ್ರಕಾರ ಸಿಂಹನಂದಿ ಆಚಾರ್ಯರ ಆಶೀರ್ವಾದದಿಂದ ರಾಜ್ಯವನ್ನು ಕಟ್ಟಿದ ಗಂಗರು ಕೋಲಾರದಿಂದ ಬಂದು ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ದುರ್ವಿನೀತ, ಶ್ರೀಪುರುಷ, ಮಾರಸಿಂಹರಂತಹ ಅರಸರು ಆಳಿದ ವಂಶವಿದು. ಸುಮಾರು 981ರಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಈ ವಂಶದ ರಾಚಮಲ್ಲನಿಗೆ ಮಂತ್ರಿಯಾಗಿದ್ದನು. ಅದಾಗಿ ಕಾಲು ಶತಮಾನ ಕಳೆಯುವ ಮೊದಲೇ, 1004ರ ಸುಮಾರಿಗೆ, ತಲಕಾಡು ಚೋಳರ ವಶವಾಗಿ ರಾಜರಾಜಪುರವೆನಿಸಿತು.

ಇಂದು ಅಲ್ಲಿ ಕಾಣುವುದು ಮರಳು. ನದಿಯ ತಿರುವಿನಲ್ಲಿ ಕೂಡಿದ ಮರಳನ್ನು ಗಾಳಿಯು ಒಯ್ದು ಊರಿನ ಮೇಲೆ ಸುರಿಯಿತು. ಜನಪದವು ಇದನ್ನು ಅಲಮೇಲಮ್ಮನ ಶಾಪವೆಂದು ನೆನೆಯುತ್ತದೆ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ ದೇವಾಲಯಗಳು ಉಳಿದಿವೆ. ಪಂಚಲಿಂಗ ದರ್ಶನಕ್ಕೆ ಜನ ಸಾಗರದಂತೆ ಬರುತ್ತಾರೆ. ಮುಚ್ಚಿದ ಮರಳನ್ನು ಮತ್ತೆ ಮತ್ತೆ ತೆಗೆದು ಪೂಜೆಯನ್ನು ಉಳಿಸಿಕೊಂಡ ಭಕ್ತರ ಶ್ರದ್ಧೆಯನ್ನು ಮೆಚ್ಚಬೇಕು. ಆದರೆ ಜಿನಭಕ್ತರಾದ ಗಂಗರ ರಾಜಧಾನಿಯಲ್ಲಿ ಯಾತ್ರಿಕನ ಕಣ್ಣು ಬಸದಿಗಾಗಿ ಹುಡುಕಿ ಬಳಲುತ್ತದೆ.

ಇದೇ ಊರಿನ ಕೀರ್ತಿನಾರಾಯಣ ದೇವಾಲಯವು ಇನ್ನೊಂದು ಕಥೆಯನ್ನು ನೆನಪಿಗೆ ತರುತ್ತದೆ. ಚೋಳರ ಸಾಮಂತ ಆದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನನು ಆ ವಿಜಯದ ಗುರುತಾಗಿ 1117ರಲ್ಲಿ ಇದನ್ನು ಪ್ರತಿಷ್ಠಾಪಿಸಿದನು. ಆ ಯುದ್ಧದ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. ದೊರೆ ಮೆಚ್ಚಿ ಕೊಟ್ಟ ಗ್ರಾಮಗಳನ್ನು ಅವನು ತನ್ನ ಭೋಗಕ್ಕೆ ಇರಿಸಿಕೊಳ್ಳದೆ ಧರ್ಮಕ್ಕೆ ದತ್ತಿಯಾಗಿ ಬಿಟ್ಟನು. ಬೆಳಗೊಳದ ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದನು. ಎಲ್ಲಕ್ಕಿಂತ ಮಿಗಿಲಾಗಿ, ಗಂಗವಾಡಿಯಲ್ಲಿ ಹಾಳಾಗಿದ್ದ ಬಸದಿಗಳನ್ನು ಜೀರ್ಣೋದ್ಧಾರಗೊಳಿಸಿದನು. ಗಂಗವಾಡಿ ತೊಂಬತ್ತಾರು ಸಾವಿರವೂ ಮಹಾತೀರ್ಥವಾದ ಕೊಪಣದಂತಾಯಿತೆಂದು ಶಾಸನಗಳು ಅವನನ್ನು ಹೊಗಳಿವೆ. ಗೆದ್ದವನಿಗೆ ಹೊಸದನ್ನು ಕಟ್ಟುವುದು ಸುಲಭ. ಬಿದ್ದುದನ್ನು ಎತ್ತಿ ನಿಲ್ಲಿಸಿದ್ದು ಗಂಗರಾಜನ ಹಿರಿಮೆ.

ತಲಕಾಡಿನಿಂದ ಮುಂದೆ ಹೊಳೆಯ ಜಾಡು ಶಿವನಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿ ಕಾವೇರಿಯು ಎರಡು ಕವಲಾಗಿ ದ್ವೀಪವೊಂದನ್ನು ಬಳಸಿ, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತಾಳೆ. ದ್ವೀಪದಲ್ಲಿ ಮಧ್ಯರಂಗನ ಸನ್ನಿಧಿಯಿದೆ. ಈ ನೀರಿನ ಬಲದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇಲ್ಲಿಂದ ಮುಂದೆ ಹನೂರಿನ ಕಾಡುಗಳ ಅಂಚನ್ನು ಸವರಿ, ಹೊಗೇನಕಲ್ಲನ್ನು ದಾಟಿ, ನದಿಯು ತಮಿಳುನಾಡಿನ ಪೂಂಪುಹಾರಿನಲ್ಲಿ ಮೂಡಗಡಲನ್ನು ಸೇರುತ್ತದೆ. ಜೈನಯತಿಯೆಂದು ಪ್ರತೀತಿಯಿರುವ ಇಳಂಗೋ ಅಡಿಗಳ ‘ಶಿಲಪ್ಪದಿಕಾರಂ’ ಕಾವ್ಯವು ತೊಡಗುವುದು ಆ ಕಡಲೂರಿನಲ್ಲಿಯೇ. ಅಲ್ಲಿಂದ ಹೊರಟ ಕೋವಲ ಕಣ್ಣಗಿಯರಿಗೆ ದಾರಿಯಲ್ಲಿ ಜೊತೆಯಾಗಿ ಅಹಿಂಸೆಯನ್ನು ಬೋಧಿಸಿದವಳು ಕವುಂದಿಯೆಂಬ ಜೈನ ಸಂನ್ಯಾಸಿನಿ. ಹೀಗೆ ಘಟ್ಟದ ಮೇಲಿನ ಶ್ರಾವಕರನ್ನೂ ಕಡಲ ತೀರದ ಶ್ರಾವಕರನ್ನೂ ಒಂದೇ ನದಿಯು ಬೆಸೆದಿತ್ತು.

ಹಿಂದಿರುಗುವಾಗ ಯಳಂದೂರಿನಲ್ಲಿ ಇಳಿಯಬೇಕು. ಅಲ್ಲಿನ ಗೌರೀಶ್ವರ ದೇವಾಲಯದ ಬಳೆಮಂಟಪದ ಕೆತ್ತನೆಯನ್ನು ಕಾಣದ ಪ್ರವಾಸಿಗರು ವಿರಳ. ಆದರೆ ಚಿಕ್ಕದೇವರಾಜ ಒಡೆಯರಿಗೆ ಹಂಗಳದ ಕಷ್ಟಕಾಲದಲ್ಲಿ ಒಡನಾಡಿಯಾಗಿ, 1673ರಲ್ಲಿ ಅವರು ಪಟ್ಟವೇರಿದಾಗ ಪ್ರಧಾನಿಯಾದ ವಿಶಾಲಾಕ್ಷ ಪಂಡಿತನು ಇದೇ ಯಳಂದೂರಿನ ಜೈನನೆಂಬುದನ್ನು ಬಲ್ಲವರೆಷ್ಟು ಮಂದಿ? ರಾಜಕಾರ್ಯದಲ್ಲಿಯೇ ಅವನು ಹಂತಕರ ಕೈಗೆ ಸಿಕ್ಕಿ ಪ್ರಾಣವನ್ನು ತೆತ್ತನು. ಮರೆವೂ ಒಂದು ಬಗೆಯ ಮರಳೇ. ಸದ್ದಿಲ್ಲದೆ ಬಂದು ಮುಚ್ಚುತ್ತದೆ.

ಪ್ರತಿಷ್ಠಾ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಧರ್ಮಬಂಧುಗಳು ನೆನೆಯಬೇಕಾದುದು ಇದನ್ನೇ. ಪಂಚಕಲ್ಯಾಣವು ಕೆಲವು ದಿನಗಳಲ್ಲಿ ಮುಗಿಯುತ್ತದೆ. ನಿತ್ಯಾಭಿಷೇಕವು ತಲೆಮಾರುಗಳ ಕಾಲ ನಡೆಯಬೇಕು. ರಾಜಾಶ್ರಯವಿದ್ದ ತಲಕಾಡಿನಲ್ಲಿಯೇ ಧರ್ಮದ ನೆಲೆಗಳು ಮರೆಯಾದ ಮೇಲೆ, ಅರಸರಿಲ್ಲದ ಈ ಕಾಲದಲ್ಲಿ ಬಸದಿಗೆ ಆಶ್ರಯವೆಂದರೆ ಶ್ರಾವಕನ ದಿನನಿತ್ಯದ ಬರವೊಂದೇ. ಮಕ್ಕಳ ಕೈಹಿಡಿದು ಒಂದು ದಿನ ಈ ತೀರವನ್ನು ಸುತ್ತಿ ಬಂದವರು, ಮರುದಿನ ಬೆಳಗ್ಗೆ ತಮ್ಮೂರ ಬಸದಿಯ ಬಾಗಿಲನ್ನು ತೆರೆಯಲು ತಾವಾಗಿಯೇ ಮುಂದಾದರೆ, ಯಾತ್ರೆಯೂ ಪ್ರತಿಷ್ಠೆಯೂ ಸಾರ್ಥಕವಾದಂತೆ.